ಕೆಂಪು ದಾರದ ಚೀಲ

ಗೂಡ್ಸ್ ಶೆಡ್
9 ಮಾರ್ಚ್ 1971

ಸಕ್ಕರೆ ಕಾರ್ಖಾನೆಯ ವ್ಯವಸ್ಥಾಪಕರಿಗೆ,

ಮಾನ್ಯರೇ, ನಿಮ್ಮ ಕಾರ್ಖಾನೆಯಿಂದ ಹೊರಟ ವ್ಯಾಗನ್ ಹನ್ನೊಂದು ದಿನ ದಾರಿಯಲ್ಲಿ ಕಳೆದು ಮೊನ್ನೆ ಇಲ್ಲಿಗೆ ತಲುಪಿದೆ. ಇನ್ನೂರ ಇಪ್ಪತ್ತು ಚೀಲಗಳ ಪೈಕಿ ಹದಿನಾಲ್ಕರ ಬಾಯಿ ಬಿಚ್ಚಿಕೊಂಡು ಸಕ್ಕರೆ ನೆಲದ ಪಾಲಾಗಿದೆ. ಬಾಗಿಲು ತೆಗೆದಾಗ ನನ್ನನ್ನು ಎದುರುಗೊಂಡದ್ದು ಇರುವೆಗಳ ಸೈನ್ಯ. ನಮ್ಮ ಹಮಾಲರು ಕುಣಿಯುತ್ತಲೇ ಲೋಡು ಇಳಿಸಿದರು.

ದೂರು ಇಷ್ಟೇ ಆಗಿದ್ದರೆ ಅದಕ್ಕೆಂದೇ ಇರುವ ಫಾರಂ ಸಾಕಾಗುತ್ತಿತ್ತು. ಬೇರೆ ಕಾಗದ ಬರೆಯಲು ಕಾರಣವಿದೆ. ನಿಮ್ಮ ಕೆಲವು ಚೀಲಗಳಲ್ಲಿ ಹೊಲಿಗೆಯ ಕೊನೆಗೆ ಬೇರೆಯದೇ ಒಂದು ಗಂಟು ಇರುತ್ತದೆ. ದಾರವನ್ನು ಎರಡು ಸುತ್ತು ಹಿಂದಕ್ಕೆ, ಒಂದು ಸುತ್ತು ಮುಂದಕ್ಕೆ ತಂದು ಕುಣಿಕೆಯೊಳಗೆ ತೂರಿಸಿ ಎಳೆದ ಹಾಗೆ ಕಾಣುತ್ತದೆ. ಆರು ತಿಂಗಳಿಂದ ಗಮನಿಸುತ್ತಾ ಬಂದಿದ್ದೇನೆ. ಆ ಗಂಟಿನ ಚೀಲ ಈವರೆಗೆ ಒಂದೂ ಬಿಚ್ಚಿಕೊಂಡಿಲ್ಲ. ಅದನ್ನು ಹಾಕುವವರು ಯಾರೆಂದು ಪತ್ತೆ ಮಾಡಿ ಉಳಿದವರಿಗೂ ಕಲಿಸುವ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ.

ಇಂತು,
ಎಣಿಕೆ ಗುಮಾಸ್ತ

*

ಹೊಲಿಗೆ ಮನೆ, ಸಕ್ಕರೆ ಕಾರ್ಖಾನೆ
2 ಏಪ್ರಿಲ್ 1971

ಗೂಡ್ಸ್ ಶೆಡ್ಡಿನ ಗುಮಾಸ್ತರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಸಾಹೇಬರು ಹೊಲಿಗೆ ಮನೆಗೇ ತಂದು ಇಪ್ಪತ್ತಾರು ಹೆಂಗಸರ ಎದುರು ಗಟ್ಟಿಯಾಗಿ ಓದಿದರು. ಆ ಗಂಟು ಯಾರದು ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಕೆಲಸ ಹೋಯಿತು ಎಂದುಕೊಂಡು ನನ್ನ ಜೀವ ಬಾಯಿಗೆ ಬಂತು. ಹೊಗಳಿಕೆ ಎಂದು ತಿಳಿಯುವ ಹೊತ್ತಿಗೆ ಚೀಲದ ಮೇಲೆ ಕೂತುಬಿಟ್ಟಿದ್ದೆ. ಇನ್ನು ಮುಂದೆ ಯಾರನ್ನಾದರೂ ಹೊಗಳುವುದಿದ್ದರೆ ಮೊದಲ ಸಾಲಿನಲ್ಲೇ ಹೊಗಳಿ. ಇರುವೆ, ದೂರು ಎಲ್ಲ ಆಮೇಲೆ ಬರಲಿ.

ಉತ್ತರವನ್ನು ನಾನೇ ಬರೆಯಬೇಕೆಂದು ಸಾಹೇಬರ ಅಪ್ಪಣೆ. ಗಂಟು ನನಗೆ ಯಾರೂ ಕಲಿಸಿದ್ದಲ್ಲ. ನನ್ನ ಎಡಗೈಯ ಕಿರುಬೆರಳು ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮಡಚಿಕೊಂಡಿದೆ. ಎಲ್ಲರ ಹಾಗೆ ಗಂಟು ಹಾಕಲು ಬರುವುದಿಲ್ಲ, ಅದಕ್ಕೇ ಹೀಗೆ ಸುತ್ತಿ ಬಳಸಿ ಹಾಕುತ್ತೇನೆ. ಉಳಿದವರಿಗೆ ಕಲಿಸಲು ಒಂದು ವಾರ ಒದ್ದಾಡಿದೆ. ಅವರ ಬೆರಳುಗಳೆಲ್ಲ ನೆಟ್ಟಗಿವೆ, ಬರಲಿಲ್ಲ.

ನಮ್ಮಲ್ಲಿ ಹೊಲಿದ ಚೀಲವನ್ನು ತಳ್ಳುಗಾಡಿಗೆ ಹಾಕುತ್ತಾರೆ. ಗಾಡಿ ಗೋಡೆಯ ಕಿಂಡಿಯ ಪರದೆ ಸರಿಸಿಕೊಂಡು ಆಚೆ ಹೋಗುತ್ತದೆ. ಆಚೆ ಏನಾಗುತ್ತದೆ ಎಂದು ನಾನು ನೋಡಿದವಳಲ್ಲ. ಹೊಲಿಗೆಯವರು ಆ ಕಡೆ ಹೋಗುವಂತಿಲ್ಲ. ನನ್ನ ಚೀಲ ಒಂದು ಕಡೆ ತಲುಪುತ್ತದೆ, ಅಲ್ಲೊಬ್ಬರು ಅದರ ಬಾಯಿ ನೋಡುತ್ತಾರೆ ಎಂದು ನಿಮ್ಮ ಕಾಗದದಿಂದಲೇ ಗೊತ್ತಾಯಿತು.

ಇಂತು,
ಆ ಗಂಟಿನವಳು

*

ಗೂಡ್ಸ್ ಶೆಡ್
20 ಜೂನ್ 1972

ಗಂಟಿನವರಿಗೆ ನಮಸ್ಕಾರ.

ಮೊದಲ ಸಾಲಿನಲ್ಲೇ ಹೊಗಳಬೇಕೆಂಬ ನಿಮ್ಮ ಕಟ್ಟಳೆಯಂತೆ: ಕಳೆದ ಲೋಡಿನಲ್ಲಿ ನಿಮ್ಮ ನಲವತ್ತು ಚೀಲಗಳೂ ಕಲ್ಲಿನಷ್ಟು ಭದ್ರವಾಗಿದ್ದವು. ಈಗ ವಿಷಯಕ್ಕೆ ಬರುತ್ತೇನೆ. ಅದರ ಹಿಂದಿನ ಲೋಡಿನಲ್ಲಿ, ಅಂದರೆ ಮೇ ಕೊನೆಯ ವಾರ ನೀವು ಹೊಲಿದವುಗಳಲ್ಲಿ, ಗಂಟು ಇತ್ತು, ಬಿಗಿ ಇರಲಿಲ್ಲ. ಒಂಬತ್ತು ಚೀಲಗಳಾದ ಮೇಲೆ ನಿಮ್ಮದು ಒಂದೂ ಇಲ್ಲ. ಮೈ ಹುಷಾರಿರಲಿಲ್ಲವೇ? ಹೆಚ್ಚು ಕೇಳುತ್ತಿದ್ದೇನೆ ಅನ್ನಿಸಿದರೆ ಇದನ್ನು ಕಚೇರಿಯ ವಿಚಾರಣೆ ಎಂದು ತಿಳಿಯಿರಿ.

ನಮ್ಮ ಹಮಾಲರ ಮೇಸ್ತ್ರಿಗೆ ನಿಮ್ಮ ಚೀಲವೆಂದರೆ ಮರ್ಯಾದೆ. ಅವನ್ನು ಅಡಿಗೆ ಹಾಕಿ ಅವುಗಳ ಮೇಲೆ ಉಳಿದವನ್ನು ಪೇರಿಸುತ್ತಾನೆ. ನಾನು ಮಾತ್ರ ಬಾಗಿಲಲ್ಲಿ ನಿಂತು, ಅಡಿಗೆ ಹೋಗುವ ಮೊದಲೇ ಒಂದೊಂದು ಗಂಟನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಮೇಸ್ತ್ರಿ ಕೇಳಿದರೆ ತಪಾಸಣೆ ಎನ್ನುತ್ತೇನೆ. ಅವನು ನಗುತ್ತಾನೆ.

ಶೆಡ್ಡಿನ ಗುಮಾಸ್ತ

*

ಹೊಲಿಗೆ ಮನೆ
3 ಜುಲೈ 1972

ಶೆಡ್ಡಿನವರಿಗೆ ನಮಸ್ಕಾರ.

ಜ್ವರ ಬಂದಿತ್ತು. ಹತ್ತು ದಿನ ಮಲಗಿದ್ದೆ. ಆ ಒಂಬತ್ತು ಚೀಲ ಹೊಲಿದ ದಿನ ಬೆಳಗ್ಗೆ ಮೈ ಬಿಸಿ ಇದ್ದರೂ ಮುಚ್ಚಿಟ್ಟುಕೊಂಡು ಕೆಲಸಕ್ಕೆ ಬಂದಿದ್ದೆ. ಒಂದೇ ಮನೆಯಲ್ಲಿರುವ ಅಕ್ಕನಿಗೆ ಗೊತ್ತಾಗಲಿಲ್ಲ, ಭಾವನಿಗೆ ಗೊತ್ತಾಗಲಿಲ್ಲ, ಪಕ್ಕದಲ್ಲಿ ಕೂತು ಹೊಲಿಯುವವಳಿಗೂ ಗೊತ್ತಾಗಲಿಲ್ಲ. ನಿಮಗೆ ಗೊತ್ತಾಯಿತು. ಕಾಗದವನ್ನು ಮೂರು ಸಲ ಓದಿ, ಡಬ್ಬಣ ಇಡುವ ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ವಿಚಾರಣೆಗೆ ಉತ್ತರ: ಈಗ ಆರಾಮಾಗಿದ್ದೇನೆ.

ನಿಮ್ಮ ಊರಿಗೂ ನಮ್ಮೂರಿಗೂ ಎಷ್ಟು ದೂರ? ಭಾವನನ್ನು ಕೇಳಿದರೆ ಯಾಕೆ ಅನ್ನುತ್ತಾರೆ. ಪ್ಯಾಸೆಂಜರ್ ರೈಲು ಎರಡು ದಿನಕ್ಕೆ ತಲುಪುತ್ತದಂತೆ, ಸರಕಿನ ಗಾಡಿಗೆ ಹನ್ನೊಂದು ದಿನ ಯಾಕೆ ಬೇಕು? ದಾರಿಯಲ್ಲಿ ಏನು ಮಾಡುತ್ತದೆ?

ಗಂಟಿನವಳು

*

ಗೂಡ್ಸ್ ಶೆಡ್
15 ಜುಲೈ 1972

ಗಂಟಿನವರಿಗೆ,

ಏನೂ ಮಾಡುವುದಿಲ್ಲ, ಕಾಯುತ್ತದೆ. ನಿಮ್ಮ ವ್ಯಾಗನ್ನನ್ನು ಮೊದಲು ಜಂಕ್ಷನ್ನಿಗೆ ಎಳೆದು ತಂದು ಬಿಡುತ್ತಾರೆ. ಈ ಕಡೆ ಬರುವ ಇನ್ನಷ್ಟು ವ್ಯಾಗನ್‌ಗಳು ಸೇರುವ ತನಕ ಅಲ್ಲೇ ನಿಂತಿರುತ್ತದೆ. ಎಕ್ಸ್‌ಪ್ರೆಸ್ ಬಂದರೆ ದಾರಿ ಬಿಡುತ್ತದೆ, ಪ್ಯಾಸೆಂಜರ್ ಬಂದರೂ ಬಿಡುತ್ತದೆ. ಎಲ್ಲರೂ ಹೋದ ಮೇಲೆ ಇದರ ಸರದಿ. ನನ್ನ ಸ್ವಭಾವವೂ ಸ್ವಲ್ಪ ಹಾಗೇ ಎಂದು ಅತ್ತಿಗೆ ಬೈಯುತ್ತಿರುತ್ತಾರೆ.

ದೂರ ಎಂಟುನೂರ ನಲವತ್ತು ಕಿಲೋಮೀಟರು. ನಕ್ಷೆಯ ಮೇಲೆ ನೂಲು ಇಟ್ಟು ಅಳೆದೆ.

ಶೆಡ್ಡಿನವನು

*

ಗೂಡ್ಸ್ ಶೆಡ್
6 ಜನವರಿ 1974

ಗಂಟಿನವರಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಹೇಗಿದೆಯೋ ಹಾಗೆ ಕಳಿಸುತ್ತೇನೆ. ನಾವು ಮೂರು ವರ್ಷದಿಂದ ಬರೆದುಕೊಳ್ಳುತ್ತಿದ್ದೇವೆ. ನಿಮ್ಮ ಮುಖ ನಾನು ನೋಡಿಲ್ಲ. ಆದರೆ ನಿಮಗೆ ಸಿಟ್ಟು ಬಂದ ದಿನ, ಅವಸರದ ದಿನ, ಹಾಡಿಕೊಂಡು ಹೊಲಿದ ದಿನ, ಎಲ್ಲ ನನ್ನ ಹೆಬ್ಬೆರಳಿಗೆ ಗೊತ್ತು. ನನಗೆ ಮೂವತ್ತು. ಶೆಡ್ಡಿನ ಹಿಂದೆಯೇ ಎರಡು ಕೋಣೆಯ ಮನೆ ಕೊಟ್ಟಿದ್ದಾರೆ, ಕಿಟಕಿ ತೆಗೆದರೆ ಹಳಿ ಕಾಣುತ್ತದೆ. ನೀವು ಒಪ್ಪುವುದಾದರೆ ನಾನು ಬಂದು ನಿಮ್ಮ ಅಕ್ಕ ಭಾವನವರನ್ನು ಕೇಳುತ್ತೇನೆ.

ಉತ್ತರ ಬರೆಯಬೇಡಿ. ಇಲ್ಲ ಎಂದು ಬರೆಯುವ ಕಷ್ಟ ನಿಮಗೆ ಬೇಡ, ಅದನ್ನು ಓದುವ ಕಷ್ಟ ನನಗೂ ಬೇಡ. ಒಪ್ಪಿಗೆ ಇದ್ದರೆ ಮುಂದಿನ ಲೋಡಿನಲ್ಲಿ ಒಂದು ಚೀಲದ ಬಾಯಿಯನ್ನು ಕೆಂಪು ದಾರದಲ್ಲಿ ಹೊಲಿಯಿರಿ. ಒಂದೇ ಒಂದು ಸಾಕು. ಇಲ್ಲದಿದ್ದರೆ ಎಂದಿನ ದಾರವೇ ಇರಲಿ. ಆಗ ಈ ಮಾತನ್ನು ನಾನು ಇನ್ನೆಂದೂ ಎತ್ತುವುದಿಲ್ಲ, ನೀವೂ ಎತ್ತಬೇಡಿ. ಗಂಟಿನವರು ಮತ್ತು ಶೆಡ್ಡಿನವರು ಮೊದಲಿನ ಹಾಗೇ ಇರೋಣ.

ಕಾಯುತ್ತಿರುತ್ತೇನೆ.

*

ಹೊಲಿಗೆ ಮನೆ
19 ಫೆಬ್ರವರಿ 1974

ಶೆಡ್ಡಿನವರಿಗೆ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ. ಈ ಸಲ ಕಬ್ಬು ಜಾಸ್ತಿ ಬಂದಿದೆ, ಎರಡು ಪಾಳಿಯಲ್ಲಿ ಹೊಲಿಯುತ್ತಿದ್ದೇವೆ. ಅಕ್ಕನಿಗೆ ಎರಡನೆಯ ಮಗು ಆಯಿತು, ಹೆಣ್ಣು.

ಜನವರಿ ನಡುವಿನಲ್ಲಿ ಇಲ್ಲಿಂದ ಹೊರಟ ಲೋಡು ಇಷ್ಟು ಹೊತ್ತಿಗೆ ತಲುಪಿರಬೇಕು. ತಲುಪಿತೇ? ಚೀಲಗಳು ಸರಿಯಾಗಿದ್ದವೇ? ಒಂದು ತಿಂಗಳಿಂದ ನಿಮ್ಮ ಕಾಗದವಿಲ್ಲ, ಅದಕ್ಕೇ ಕೇಳಿದೆ. ಬೇರೇನೂ ಇಲ್ಲ.

ಗಂಟಿನವಳು

*

ಗೂಡ್ಸ್ ಶೆಡ್
27 ಫೆಬ್ರವರಿ 1974

ಗಂಟಿನವರಿಗೆ ನಮಸ್ಕಾರ.

ಜನವರಿ ಲೋಡು ತಲುಪಿದೆ. ಇನ್ನೂರು ಚೀಲಗಳು. ಒಂದೊಂದನ್ನೂ ನಾನೇ ಖುದ್ದಾಗಿ ನೋಡಿದೆ. ಎಲ್ಲವೂ ಎಂದಿನ ಹಾಗೇ ಇದ್ದವು. ದೂರೇನೂ ಇಲ್ಲ. ನೀವು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ.

ಕೆಲಸ ಹೆಚ್ಚಿದ್ದರಿಂದ ಬರೆಯಲಾಗಲಿಲ್ಲ ಎಂದು ಬರೆಯಬೇಕೆಂದುಕೊಂಡೆ, ಆದರೆ ಕೆಲಸ ಕಡಿಮೆಯೇ ಆಗಿದೆ. ಇಲ್ಲಿಯ ದೊಡ್ಡ ಕಿರಾಣಿ ಅಂಗಡಿಯವನು ಸಕ್ಕರೆಯನ್ನು ಎಲ್ಲಿಂದಲೋ ಲಾರಿಯಲ್ಲಿ ನೇರವಾಗಿ ಅಂಗಡಿ ಬಾಗಿಲಿಗೇ ತರಿಸಿಕೊಳ್ಳಲು ಶುರು ಮಾಡಿದ್ದಾನೆ. ಶೆಡ್ಡಿನ ಗೊಡವೆಯೇ ಅವನಿಗಿಲ್ಲ. ನಮ್ಮ ಹಮಾಲರ ಹೊಟ್ಟೆಯ ಮೇಲೆ ಹೊಡೆದ. ಅವನ ಅಂಗಡಿಯ ಮೆಟ್ಟಿಲು ತುಳಿಯಬಾರದು ಎಂದು ನಾನೂ ಮೇಸ್ತ್ರಿಯೂ ಮೊದಲ ಲಾರಿ ಬಂದ ದಿನವೇ ತೀರ್ಮಾನ ಮಾಡಿದ್ದೇವೆ. ಎರಡು ಬೀದಿ ದಾಟಿ ಬೇರೆ ಅಂಗಡಿಗೆ ಹೋಗುತ್ತೇನೆ.

ಅತ್ತಿಗೆ ನನಗೆ ಹೆಣ್ಣು ನೋಡಿದ್ದಾರೆ. ಮಾತುಕತೆ ನಡೆಯುತ್ತಿದೆ.

ಎಣಿಕೆ ಗುಮಾಸ್ತ

*

ಹೊಲಿಗೆ ಮನೆ
11 ಮಾರ್ಚ್ 1974

ಮಾನ್ಯ ಗುಮಾಸ್ತರಿಗೆ,

ಸಂತೋಷದ ಸುದ್ದಿ. ಒಳ್ಳೆಯದಾಗಲಿ.

ಚೀಲಗಳನ್ನು ಒಂದೊಂದಾಗಿ ಖುದ್ದಾಗಿ ನೋಡಿದ್ದಕ್ಕೆ ಉಪಕಾರವಾಯಿತು. ನನಗೆ ಉತ್ತರ ತಿಳಿಯಿತು. ಇನ್ನು ಕೆಲಸದ ನಡುವೆ ನಿಮಗೆ ಕಾಗದ ಬರೆಯುವ ತೊಂದರೆ ಕೊಡುವುದಿಲ್ಲ.

ಇಂತು,
ಹೊಲಿಗೆಯವಳು

*

ಹೊಲಿಗೆ ಮನೆ
30 ಆಗಸ್ಟ್ 1981

ಮಾನ್ಯ ಗುಮಾಸ್ತರಿಗೆ ನಮಸ್ಕಾರ.

ನೀವು ಇನ್ನೂ ಅದೇ ಶೆಡ್ಡಿನಲ್ಲಿ ಇದ್ದೀರೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ ಈ ಕಾಗದ ತೆರೆದವರು ದಯವಿಟ್ಟು ಹರಿದುಹಾಕಿ.

ನಾಳೆಯಿಂದ ನಮ್ಮಲ್ಲಿ ಚೀಲ ಹೊಲಿಯುವ ಯಂತ್ರ ಬರುತ್ತದೆ. ಚೀಲವೂ ಗೋಣಿಯದಲ್ಲ, ಪ್ಲಾಸ್ಟಿಕ್ಕಿನದು. ಯಂತ್ರ ಒಂದು ಕಡೆಯಿಂದ ಕಟಕಟ ಹೊಲಿದುಕೊಂಡು ಹೋಗುತ್ತದೆ, ಕೊನೆಗೆ ಗಂಟೇ ಇಲ್ಲ, ದಾರ ತುಂಡಾಗಿ ನೇತಾಡುತ್ತಿರುತ್ತದೆ. ಇಪ್ಪತ್ತಾರು ಜನರಲ್ಲಿ ಇಪ್ಪತ್ತೊಂದು ಜನರಿಗೆ ಮನೆಗೆ ಹೋಗಿ ಎಂದಿದ್ದಾರೆ. ನನ್ನನ್ನು ಗೇಟಿನ ಬಳಿ ಲಾರಿಗಳ ಹಗ್ಗ, ತಾಡಪಾಲು ನೋಡುವ ಕೆಲಸಕ್ಕೆ ಹಾಕಿದ್ದಾರೆ. ಹತ್ತು ವರ್ಷದಲ್ಲಿ ಮೊದಲ ಸಲ ಆ ಪರದೆಯ ಆಚೆ ಹೋದೆ. ವ್ಯಾಗನ್ ನಿಲ್ಲುತ್ತಿದ್ದ ಸೈಡಿಂಗಿನ ಹಳಿಗಳ ಮೇಲೆ ಮಂಡಿಯುದ್ದ ಹುಲ್ಲು ಬೆಳೆದಿದೆ. ಎಷ್ಟು ಕಾಲವಾಯಿತು ಎಂದು ಕೇಳಿದೆ. ಲಾರಿ ಶುರುವಾಗಿ ಏಳು ವರ್ಷ ಆಯಿತಂತೆ, ಮೊದಲು ಸ್ವಲ್ಪ, ಆಮೇಲೆ ಎಲ್ಲ. ಪರದೆಯ ಈಚೆ ಕೂತು ನಾನು ಎಲ್ಲವನ್ನೂ ರೈಲಿಗೇ ಹೊಲಿಯುತ್ತಿದ್ದೇನೆ ಅಂದುಕೊಂಡಿದ್ದೆ.

ಇವತ್ತು ಸಂಜೆ ಕೊನೆಯ ಗೋಣಿಚೀಲ ಹೊಲಿದೆ. ಗಂಟು ಹಾಕುವಾಗ, ಇದನ್ನು ಒತ್ತಿ ನೋಡುವವರು ಯಾರೂ ಇಲ್ಲ ಅನ್ನಿಸಿ ಕಣ್ಣು ತುಂಬಿ ಬಂತು. ಅದನ್ನು ನಿಮಗಲ್ಲದೆ ಯಾರಿಗೆ ಹೇಳಲಿ, ಅದಕ್ಕೇ ಬರೆದೆ.

ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ನಂಬಿದ್ದೇನೆ.

ಹೊಲಿಗೆಯವಳು

*

ಗೂಡ್ಸ್ ಶೆಡ್
12 ಸೆಪ್ಟೆಂಬರ್ 1981

ಗಂಟಿನವರಿಗೆ ನಮಸ್ಕಾರ.

ಅದೇ ಶೆಡ್ಡಿನಲ್ಲೇ ಇದ್ದೇನೆ. ಎರಡು ಸಲ ವರ್ಗ ಮಾಡಿದರು, ಎರಡು ಸಲವೂ ಕೈಕಾಲು ಹಿಡಿದು ಉಳಿದುಕೊಂಡೆ. ಈಗ ಸಣ್ಣ ಲೋಡು ಯಾವುದೂ ಬರುವುದಿಲ್ಲ. ಕಲ್ಲಿದ್ದಲು, ಸಿಮೆಂಟು, ಇಡೀ ಗಾಡಿಗೇ ಒಂದೇ ಸರಕು, ಅದೂ ನಮ್ಮಲ್ಲಿ ನಿಲ್ಲದೆ ಹೋಗುತ್ತದೆ. ಮೇಸ್ತ್ರಿ ಬಿಟ್ಟುಹೋಗಿ ಲಾರಿ ಸ್ಟ್ಯಾಂಡಿನಲ್ಲಿ ಲೋಡು ಹಾಕುತ್ತಾನೆ. ಸಿಕ್ಕಾಗ ನಾಚಿಕೊಳ್ಳುತ್ತಾನೆ, ನಾನೂ ನಾಚಿಕೊಳ್ಳುತ್ತೇನೆ.

ನಿಮ್ಮ ಕೊನೆಯ ಚೀಲ ನನ್ನ ಕೈಗೆ ಬರಲಿಲ್ಲವಲ್ಲ ಎಂದು ಬಹಳ ಬೇಜಾರಾಯಿತು.

ನಿಮ್ಮ ಮಕ್ಕಳು ಓದುತ್ತಿದ್ದಾರೆ ಎಂದು ತಿಳಿದು ಸಂತೋಷ. ಅವರ ತಂದೆಯವರಿಗೂ ನನ್ನ ನಮಸ್ಕಾರ ಹೇಳಿ. ನಮ್ಮ ಮನೆಯಲ್ಲೂ ಎಲ್ಲರೂ ಸೌಖ್ಯ.

ಶೆಡ್ಡಿನವನು

*

ಗೂಡ್ಸ್ ಶೆಡ್
14 ಅಕ್ಟೋಬರ್ 1993

ಗಂಟಿನವರಿಗೆ,

ಇದರ ಜೊತೆ ಒಂದು ದಾರ ಇಟ್ಟಿದ್ದೇನೆ. ಮೊದಲು ಅದನ್ನು ಕೈಗೆ ತೆಗೆದುಕೊಳ್ಳಿ. ಬಣ್ಣ ಹೋಗಿ ಇಟ್ಟಿಗೆ ಪುಡಿಯ ಹಾಗಾಗಿದೆ. ಕೊನೆಯಲ್ಲಿರುವ ಗಂಟು ಯಾರದೆಂದು ನಾನು ಹೇಳಬೇಕಾಗಿಲ್ಲ.

ಹೇಗೆ ಸಿಕ್ಕಿತು ಎಂದು ಸಮಾಧಾನದಿಂದ ಬರೆಯಲು ಪ್ರಯತ್ನಿಸುತ್ತೇನೆ. ಶೆಡ್ಡನ್ನು ಈ ತಿಂಗಳು ಮುಚ್ಚುತ್ತಿದ್ದಾರೆ. ಊರಾಚೆ ಕಂಟೇನರ್ ಡಿಪೋ ಆಗಿದೆ, ನನ್ನನ್ನು ಅಲ್ಲಿಗೆ ಹಾಕಿದ್ದಾರೆ. ಶೆಡ್ಡಿನ ಸಾಮಾನು ಹರಾಜಾಯಿತು. ನೆಲದ ಮೇಲಿಡುವ ನಮ್ಮ ಹಳೆಯ ತೂಕದ ಯಂತ್ರವನ್ನು ಕೊಂಡವನು ಯಾರು ಗೊತ್ತೇ? ಅದೇ ಕಿರಾಣಿ ಅಂಗಡಿಯವನು. ಆ ಯಂತ್ರಕ್ಕೊಂದು ಚಾಳಿಯಿದೆ, ಎಡಗಡೆ ಮೂಲೆಗೆ ಮೆಲ್ಲಗೆ ಒದ್ದರೆ ಮಾತ್ರ ಮುಳ್ಳು ನೆಟ್ಟಗೆ ನಿಲ್ಲುತ್ತದೆ. ಅದನ್ನು ತೋರಿಸಿಕೊಡಲು ಹೋಗಬೇಕಾಯಿತು. ಹತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ ಆ ಮೆಟ್ಟಿಲು ಹತ್ತಿದೆ.

ಅಂಗಡಿಯವರಿಗೆ ಈಗ ವಯಸ್ಸಾಗಿದೆ, ಒಳ್ಳೆಯ ಮನುಷ್ಯ. ಯಂತ್ರದ ಮುಳ್ಳು ನೋಡಲು ಬಗ್ಗಿದಾಗ ಅವರ ಕನ್ನಡಕ ಜಾರಿ ಎದೆಯ ಮೇಲೆ ನೇತಾಡಿತು. ಕನ್ನಡಕದ ಕಡ್ಡಿಗಳಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಆ ದಾರದಲ್ಲಿ ಗಂಟು ಕಂಡಿತು. ಇದು ಎಲ್ಲಿಯದು ಎಂದು ಕೇಳಿದೆ.

"ಅದಾ? ನಮ್ಮ ಅಂಗಡಿಗೆ ಮೊಟ್ಟಮೊದಲು ಸಕ್ಕರೆ ಲಾರಿ ಬಂತಲ್ಲ, ಆ ಲೋಡಲ್ಲಿ ಒಂದು ಚೀಲಕ್ಕೆ ಕೆಂಪು ದಾರ ಹಾಕಿದ್ರು ನೋಡಿ. ಚೀಲದ ದಾರ ನಾವು ಬಿಸಾಕಲ್ಲ, ಪೊಟ್ಟಣ ಕಟ್ಟೋಕೆ ಇಟ್ಕೋತೀವಿ. ಆದ್ರೆ ಇದರ ಗಂಟು ಹಲ್ಲಲ್ಲಿ ಕಚ್ಚಿದ್ರೂ ಬಿಚ್ಲಿಲ್ಲ. ಗಟ್ಟಿ ಇದೆ ಅಂತ ಕನ್ನಡಕಕ್ಕೆ ಕಟ್ಕೊಂಡೆ."

ಮೊದಲ ಲಾರಿ ಬಂದ ದಿನ ನನಗೆ ಚೆನ್ನಾಗಿ ಗೊತ್ತು. ಸಿಟ್ಟಿನಲ್ಲಿ ಗೋಡೆಯ ಮೇಲೆ ಬರೆದಿಟ್ಟಿದ್ದೆ, ಇನ್ನೂ ಇದೆ: 1974 ಜನವರಿ 21. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ವ್ಯಾಗನ್‌ಗಾಗಿ ಕಾಯುತ್ತಿದ್ದ ದಿನಗಳವು. ಅಷ್ಟು ಹೊತ್ತಿಗೆ ನಿಮ್ಮ ಚೀಲ ನನ್ನ ಬೆನ್ನ ಹಿಂದಿನ ರಸ್ತೆಯಲ್ಲಿ ಹಾದು ಅಂಗಡಿ ಸೇರಿತ್ತು. ನಾನು ನೋಡಿದ ಇನ್ನೂರು ಚೀಲಗಳು ಅದಕ್ಕೂ ಮೊದಲು ನೀವು ಹೊಲಿದು, ಎಲ್ಲೋ ಜಂಕ್ಷನ್ನಿನಲ್ಲಿ ಕಾದು ಬಂದವು. ಲಾರಿ ಶುರುವಾಗಿ ಏಳು ವರ್ಷ ಎಂದು ನೀವು 1981ರಲ್ಲಿ ಬರೆದಿದ್ದಿರಿ. ಓದಿದೆ, ಆದರೂ ನನ್ನ ತಲೆಗೆ ಹೋಗಲಿಲ್ಲ. ಯಾವ ಸರಕು ಯಾವ ದಾರಿಯಲ್ಲಿ ಬಂತು ಎಂದು ನೋಡುವುದೇ ನನ್ನ ಕಸುಬು, ನೋಡಿ.

ಬರೆಯಬೇಡಿ ಎಂದು ನಿಮ್ಮ ಬಾಯಿ ಕಟ್ಟಿದವನು ನಾನು. ದೊಡ್ಡತನ ತೋರಿಸಲು ಹೋದೆ. ನಿಜ ಹೇಳಬೇಕೆಂದರೆ ಇಲ್ಲ ಅನ್ನಿಸಿಕೊಳ್ಳುವ ಹೆದರಿಕೆ. ನೀವು ಒಪ್ಪಿ, ಕಾದು, ಲೋಡು ತಲುಪಿತೇ ಎಂದು ಕೇಳಿದಿರಿ. ಒಂದೊಂದನ್ನೂ ನೋಡಿದೆ, ಎಲ್ಲ ಎಂದಿನ ಹಾಗೇ ಇತ್ತು ಎಂದು ನಾನು ಬರೆದೆ. ಆ ಸಾಲನ್ನು ನೀವು ಹೇಗೆ ಓದಿರಬೇಕು ಎಂದು ಯೋಚಿಸಿದರೆ ಊಟ ಸೇರುವುದಿಲ್ಲ.

ಇನ್ನೊಂದು ಹೇಳಬೇಕು. ಅತ್ತಿಗೆ ನೋಡಿದ ಹೆಣ್ಣನ್ನು ನಾನು ನೋಡಲು ಹೋಗಲೇ ಇಲ್ಲ. ಮದುವೆ ಆಗಲಿಲ್ಲ. ಮನೆಯಲ್ಲಿ ಎಲ್ಲರೂ ಸೌಖ್ಯ ಎಂದು ಬರೆದೆನಲ್ಲ, ಎಲ್ಲರೂ ಎಂದರೆ ನಾನು ಮತ್ತು ಶೆಡ್ಡಿನ ಬೆಕ್ಕು. ನಿಮಗೆ ಸಂಸಾರವಿದೆ, ಮಕ್ಕಳು ದೊಡ್ಡವರಾಗಿರಬೇಕು. ಈ ಕಾಗದದಿಂದ ನಿಮ್ಮ ಮನೆಯಲ್ಲಿ ಮಾತು ಬರುವುದಾದರೆ ಒಲೆಗೆ ಹಾಕಿ. ನಿಮ್ಮ ಉತ್ತರ ನನಗೆ ತಲುಪಿತು ಎಂಬುದು ನಿಮಗೆ ತಿಳಿಯಲಿ ಎಂದಷ್ಟೇ ಬರೆದೆ.

ಅಂಗಡಿಯವರಿಗೆ ಹೊಸ ಹುರಿ ತಂದು ಕೊಟ್ಟು ಇದನ್ನು ಪಡೆದೆ. ಈಗ ಅವರ ಅಂಗಡಿಯಿಂದಲೇ ಸಾಮಾನು ತರುತ್ತೇನೆ.

ಶೆಡ್ಡಿನವನು

*

ಸಕ್ಕರೆ ಕಾರ್ಖಾನೆ
27 ಅಕ್ಟೋಬರ್ 1993

ಶೆಡ್ಡಿನವರಿಗೆ,

ಮೊದಲ ಸಾಲಿನಲ್ಲೇ ಹೊಗಳಬೇಕು ಎಂದು ನಾನೇ ಹೇಳಿದ್ದೆ. ಈ ಸಲ ಆಗುವುದಿಲ್ಲ, ಮೊದಲು ಬೈಗುಳ. ನಿಮ್ಮಂಥ ದಡ್ಡರನ್ನು ನಾನು ಕಂಡಿಲ್ಲ. ಬರೆಯಬೇಡಿ ಎಂದವರು ನೀವು ಸರಿ, ಆದರೆ ಬರೆಯದೆ ಕೂತವಳು ನಾನು, ನಾನೂ ಅಷ್ಟೇ ದಡ್ಡಿ. ಕಾಗದ ಬಂದ ದಿನ ನಿಮ್ಮ ಮೇಲಿನ ಕೋಪಕ್ಕೆ ಒಂದು ತುತ್ತೂ ತಿನ್ನಲಿಲ್ಲ. ಮಾರನೆಯ ದಿನ ಅತ್ತೆ. ಮೂರನೆಯ ದಿನ, ಹತ್ತೊಂಬತ್ತು ವರ್ಷ ಒಬ್ಬರ ಕೊರಳಲ್ಲಿ ನೇತಾಡಿದರೂ ನನ್ನ ಗಂಟು ಬಿಚ್ಚಲಿಲ್ಲವಲ್ಲ ಎಂದು ಜಂಬ ಬಂದು ನಗು ಬಂತು. ಆಮೇಲೆ ಬರೆಯಲು ಕೂತೆ.

ಆ ದಾರಕ್ಕೆ ಬಣ್ಣ ಹಾಕಿದ್ದು ಚೀಲಗಳಿಗೆ ಹೆಸರು ಒತ್ತುವ ಕೆಂಪು ಮಸಿಯಿಂದ. ಪೇಟೆಯಲ್ಲಿ ಕೆಂಪು ಸೆಣಬಿನ ದಾರ ಎಲ್ಲೂ ಸಿಗಲಿಲ್ಲ. ನನ್ನ ಬೆರಳೆಲ್ಲ ಕೆಂಪಾಗಿ ನಾಲ್ಕು ದಿನ ಬಣ್ಣ ಹೋಗಲಿಲ್ಲ. ಅಕ್ಕ ಏನಿದು ಎಂದಳು, ಮಸಿ ಚೆಲ್ಲಿತು ಎಂದೆ. ಜನವರಿ ಹದಿನೇಳನೆಯ ತಾರೀಖು ಮಧ್ಯಾಹ್ನ ಆ ಚೀಲ ತಳ್ಳುಗಾಡಿ ಹತ್ತಿತು. ಪರದೆ ಸರಿದು ಮುಚ್ಚುವ ತನಕ ನೋಡಿದೆ. ಹನ್ನೊಂದು ದಿನ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅದು ಲಾರಿಯಲ್ಲಿ ನಾಲ್ಕೇ ದಿನಕ್ಕೆ ನಿಮ್ಮೂರಿಗೆ ಬಂದಿರುತ್ತದೆ ಎಂದು ನನಗೇನು ಗೊತ್ತು? ಬೇಗ ತಲುಪಿದ್ದಕ್ಕೇ ತಲುಪದ ಹಾಗಾಯಿತು.

ಯಾವ ಸಂಸಾರ? ಶಾಲೆಗೆ ಹೋಗುತ್ತಿದ್ದ ಮಕ್ಕಳು ಅಕ್ಕನವರು. ಅವರ ತಂದೆಯವರಿಗೆ, ಅಂದರೆ ನಮ್ಮ ಭಾವನಿಗೆ, ನಿಮ್ಮ ನಮಸ್ಕಾರ ಆಗಲೇ ಹೇಳಿದ್ದೆ. ಈ ಗುಮಾಸ್ತ ಯಾರು, ನನಗ್ಯಾಕೆ ನಮಸ್ಕಾರ ಎಂದು ಅವರು ಬೆಪ್ಪಾದರು. ಅದಾದ ಮೇಲೆ ಎರಡು ಕಡೆಯಿಂದ ನನ್ನನ್ನು ಕೇಳಿಕೊಂಡು ಬಂದರು. ಹೂಂ ಎಂದು ಒಂದು ಸಲ ಹೇಳಿ ಆಗಿದೆ, ಇನ್ನೊಂದು ಸಲ ಬರುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಯಾರಿಗೆ ಎಂದು ಅವಳು ಇನ್ನೂ ಕೇಳುತ್ತಿದ್ದಾಳೆ. ಈ ವಾರ ಹೇಳಿದೆ.

ಈಗ ನನಗೆ ಕಂಟೇನರ್‌ಗಳಿಗೆ ಸೀಲು ಹಾಕುವ ಕೆಲಸ. ಕಬ್ಬಿಣದ ಬಾಗಿಲು ಮುಚ್ಚಿ, ಕೊಂಡಿಗೆ ಸೀಲು ತೂರಿಸಿ, ಟಕ್ ಎಂದು ಒತ್ತುವುದು. ಪ್ರತಿ ಸೀಲಿಗೂ ಒಂದು ನಂಬರು. ಯಾರು ಒತ್ತಿದರೂ ಒಂದೇ, ನನ್ನ ಬೆರಳಿಗೂ ಅದಕ್ಕೂ ಸಂಬಂಧವಿಲ್ಲ. ದಿನಕ್ಕೆ ಮೂವತ್ತು ಕಂಟೇನರ್ ಹೊರಗೆ ಹೋಗುತ್ತವೆ. ನಿಮ್ಮ ಊರಿನ ಹೆಸರು ಇರುವ ಕಾಗದ ಕೈಗೆ ಬಂದ ದಿನ ಸೀಲು ಒತ್ತಿದ ಮೇಲೆ ಬಾಗಿಲಿಗೆ ಒಂದು ಸಲ ಕೈ ಇಡುತ್ತೇನೆ. ಚಾಲಕರು ಭದ್ರತೆ ನೋಡುತ್ತಿದ್ದಾಳೆ ಅಂದುಕೊಂಡಿದ್ದಾರೆ. ನೀವು ತಪಾಸಣೆ ಎನ್ನುತ್ತಿದ್ದಿರಲ್ಲ, ಹಾಗೆ.

ನಿಮ್ಮನ್ನು ನೆನೆಯದ ದಿನ ಇರಲಿಲ್ಲ. ಇದನ್ನು ದಾರದಲ್ಲಿ ಹೇಳುವುದಿಲ್ಲ, ಬರೆದೇ ಹೇಳುತ್ತೇನೆ. ನನಗೆ ನಲವತ್ತನಾಲ್ಕು. ಕೂದಲು ಅರ್ಧ ಬೆಳ್ಳಗಾಗಿದೆ, ಬಗ್ಗಿ ಹೊಲಿದು ಹೊಲಿದು ಬೆನ್ನು ನೋಯುತ್ತದೆ. ನೀವು 1974ರಲ್ಲಿ ಕೇಳಿದ್ದಕ್ಕೆ ನನ್ನ ಉತ್ತರ: ಹೂಂ, ಒಪ್ಪಿಗೆ ಇದೆ. ಆಗಲೂ ಇತ್ತು, ಈಗಲೂ ಇದೆ.

ಸಾಗಣೆಯ ಮೇಲೆ ನನಗೆ ನಂಬಿಕೆ ಹೋಗಿದೆ. ಅದಕ್ಕೇ ಈ ಕಾಗದವನ್ನು ಮೂರು ಸಲ ಬರೆದಿದ್ದೇನೆ, ಒಂದಕ್ಷರವೂ ಬದಲಿಲ್ಲದೆ. ಒಂದು ಅಂಚೆಯಲ್ಲಿ ಬರುತ್ತದೆ. ಇನ್ನೊಂದನ್ನು ನಿಮ್ಮ ಡಿಪೋಗೆ ಬರುವ ಲಾರಿಯ ಚಾಲಕನ ಕೈಯಲ್ಲಿ ಕೊಟ್ಟಿದ್ದೇನೆ, ಅವನು ನಿಮ್ಮ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾನೆ. ಎರಡೂ ತಪ್ಪಿದರೆ ಮೂರನೆಯದನ್ನು ನಾನೇ ತರುತ್ತಿದ್ದೇನೆ. ನವೆಂಬರ್ ಆರು, ಶನಿವಾರ, ಬೆಳಗಿನ ಪ್ಯಾಸೆಂಜರ್. ಅಕ್ಕ ಭಾವ ಅದರ ಮುಂದಿನ ವಾರ ಬರುತ್ತಾರೆ, ಮಾತಾಡುವುದನ್ನು ಅವರ ಹತ್ತಿರ ಆಗ ಮಾತಾಡಿ.

ಬೆಕ್ಕಿಗೆ ಮೊದಲೇ ಹೇಳಿಟ್ಟಿರಿ.

ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ, ಗುರುತು ಸಿಗುವುದು ಕಷ್ಟ. ನನ್ನ ಕೈಯಲ್ಲಿ ಒಂದು ಹಳೆಯ ಗೋಣಿಚೀಲ ಇರುತ್ತದೆ. ಬಟ್ಟೆಬರೆ ಅದರಲ್ಲೇ ತುಂಬಿದ್ದೇನೆ, ನೀವು ಕಳಿಸಿದ ದಾರದಲ್ಲೇ ಬಾಯಿ ಹೊಲಿದಿದ್ದೇನೆ. ನೀವು ಪ್ಲಾಟ್‌ಫಾರಂ ಮೇಲೆ ನಿಂತು, ಇಳಿಯುವವರ ಕೈಯಲ್ಲಿರುವ ಚೀಲಗಳ ಬಾಯಿ ನೋಡಿ. ಒಂದೊಂದನ್ನೂ ನೀವೇ ಖುದ್ದಾಗಿ ನೋಡಿ.

ಗಂಟಿನವಳು